ಒಂದೇ ಸ್ಪೀಕರಿಗೆ ಎರಡು ಆಂಪ್ಲಿಫೈಯರ್ ಯಾಕೆ? ತುತ್ತೂರಿ ಮತ್ತು ವಾಟ್‌ಗಳ ನೂರು ವರ್ಷದ ಲೆಕ್ಕ

ಈ ಸಂಚಿಕೆಯ ವಿಷಯ ಸ್ವಲ್ಪ ತಾಂತ್ರಿಕವಾದದ್ದು. ಹೆದರಬೇಡಿ, ಕೂಡೋದು ಗುಣಿಸೋದು ಬಂದರೆ ಸಾಕು. ದುಬಾರಿ ಹಾರ್ನ್ ಸ್ಪೀಕರ್ ಇಟ್ಟುಕೊಂಡವರ ಮನೆಗೆ ನೀವು ಹೋದರೆ ಒಂದು ವಿಚಿತ್ರ ಕಾಣುತ್ತದೆ. ಸ್ಪೀಕರ್ ಒಂದೇ. ಆದರೆ ಅದಕ್ಕೆ ಎರಡು ಆಂಪ್ಲಿಫೈಯರ್. ಕೆಳಗಿನ ದೊಡ್ಡ ಪೆಟ್ಟಿಗೆಗೆ ಒಂದು ಭಾರಿ ಆಂಪ್, ಮೇಲಿನ ತುತ್ತೂರಿಗೆ ಒಂದು ಪುಟ್ಟ ವಾಲ್ವ್ ಆಂಪ್. ಇದಕ್ಕೆ ಬೈ-ಆಂಪಿಂಗ್ ಅಂತ ಹೆಸರು. ನೋಡಿದವರು ಮೊದಲು ಕೇಳುವ ಪ್ರಶ್ನೆ: ದುಡ್ಡು ಜಾಸ್ತಿಯಾಗಿದೆಯಾ?

ಕೆಲವರಿಗೆ ಹಾಗೇ ಇರಬಹುದು. ಆದರೆ ಈ ಎರಡು ಆಂಪ್‌ಗಳ ಹಿಂದೆ ಒಂದು ನಿಜವಾದ ತೊಂದರೆ ಇದೆ. ಆ ತೊಂದರೆ ಹುಟ್ಟಿದ್ದು ಶ್ರೀಮಂತರ ಹಾಲ್‌ನಲ್ಲಲ್ಲ, ಅಮೆರಿಕದ ಸಿನಿಮಾ ಥಿಯೇಟರುಗಳಲ್ಲಿ. ಅಗ್ಗದ ಟಿಕೆಟ್ ತಗೊಂಡು ಕೊನೆಯ ಸಾಲಿನಲ್ಲಿ ಕೂತವನಿಗೂ ನಾಯಕಿಯ ಮಾತು ಕೇಳಿಸಬೇಕಲ್ಲ, ಅಲ್ಲಿಂದ ಈ ಕಥೆ ಶುರು.

ತುತ್ತೂರಿ ಮಾಡುವ ಕೆಲಸ ಏನು?

ಜಾತ್ರೆಯ ಮೈಕ್ ಸೆಟ್ಟಿನ ತುತ್ತೂರಿ ನಮಗೆಲ್ಲ ಗೊತ್ತು. ಅದು ಸದ್ದನ್ನು ಜೋರು ಮಾಡುತ್ತದೆ ಅಂತ ನಾವು ಹೇಳುತ್ತೇವೆ. ಸರಿಯಾಗಿ ಹೇಳಬೇಕೆಂದರೆ ಅದು ಹೊಸದಾಗಿ ಏನನ್ನೂ ಸೇರಿಸುವುದಿಲ್ಲ, ಪೋಲಾಗುವುದನ್ನು ತಡೆಯುತ್ತದೆ. ಸ್ಪೀಕರಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಗಾಳಿಯನ್ನು ತಳ್ಳುತ್ತದೆ. ಗಾಳಿ ತುಂಬಾ ಹಗುರ. ಖಾಲಿ ಗಾಳಿಗೆ ಗುದ್ದಿದರೆ ಕೈಗೆ ಏನೂ ತಗಲುವುದಿಲ್ಲ ನೋಡಿ, ಹಾಗೆ. ಪೊರೆ ಎಷ್ಟೇ ಒದ್ದಾಡಿದರೂ ಅದರ ಶಕ್ತಿಯ ಬಹುಪಾಲು ಗಾಳಿಗೆ ದಾಟುವುದೇ ಇಲ್ಲ. ಅದೇ ಪೊರೆಯ ಮುಂದೆ ಸಣ್ಣ ಗಂಟಲಿನಿಂದ ಶುರುವಾಗಿ ನಿಧಾನಕ್ಕೆ ಅಗಲವಾಗುವ ಕೊಳವೆ ಇಟ್ಟರೆ, ಗಂಟಲಿನಲ್ಲಿ ಸಿಕ್ಕಿಬಿದ್ದ ಗಾಳಿ ಪೊರೆಗೆ ಎದುರು ಒತ್ತಡ ಕೊಡುತ್ತದೆ. ಗುದ್ದಿಗೆ ಗೋಡೆ ಸಿಕ್ಕ ಹಾಗೆ. ಆ ಒತ್ತಡ ಕೊಳವೆಯುದ್ದಕ್ಕೂ ಹರಡುತ್ತಾ ದೊಡ್ಡ ಬಾಯಿಯಿಂದ ಹೊರಗಿನ ಗಾಳಿಗೆ ಸಲೀಸಾಗಿ ಸೇರುತ್ತದೆ.

1915ರಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಎಂಬ ಊರಿನಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್ಹಾಮ್ ಎಂಬಿಬ್ಬರು ಕಾಯಿಲ್ ಮತ್ತು ಪೊರೆಗೆ ಗ್ರಾಮೊಫೋನ್ ತುತ್ತೂರಿಯನ್ನು ಜೋಡಿಸಿದರು. ಅದಕ್ಕೆ ಮ್ಯಾಗ್ನವಾಕ್ಸ್ ಅಂತ ಹೆಸರಿಟ್ಟರು, ಲ್ಯಾಟಿನ್‌ನಲ್ಲಿ 'ದೊಡ್ಡ ದನಿ' ಎಂದರ್ಥ. 1919ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ ಭಾರಿ ಜನಸ್ತೋಮಕ್ಕೆ ಭಾಷಣ ಮಾಡಿದ್ದು ಇಂಥ ತುತ್ತೂರಿಗಳ ಮೂಲಕವೇ.

1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಬೇರೆ ದಾರಿ ಹಿಡಿದರು. ತುತ್ತೂರಿಯೇ ಬೇಡ, ಕಾಗದದ ಕೋನ್ ಸಾಕು ಎಂದರು. ಇವತ್ತು ನಮ್ಮ ಟಿವಿ, ಕಾರು, ಬ್ಲೂಟೂತ್ ಡಬ್ಬಿಗಳಲ್ಲಿ ಇರುವುದು ಅದರ ಮಕ್ಕಳು ಮೊಮ್ಮಕ್ಕಳು. ದನಿ ನಯವಾಗಿತ್ತು, ಪೆಟ್ಟಿಗೆ ಚಿಕ್ಕದಾಗಿತ್ತು. ಕೊರತೆ ಒಂದೇ: ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಸದ್ದಾಗುತ್ತಿತ್ತು, ಉಳಿದದ್ದೆಲ್ಲ ಕಾಯಿಲಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು.

ಮನೆಗೆ ಅಷ್ಟು ಸಾಕು. ಥಿಯೇಟರಿಗೆ? 1926ರ ಆಗಸ್ಟ್ 6ರಂದು ನ್ಯೂಯಾರ್ಕಿನಲ್ಲಿ ವಾರ್ನರ್ ಸಹೋದರರು 'ಡಾನ್ ಹುವಾನ್' ಚಿತ್ರವನ್ನು ವೈಟಾಫೋನ್ ಎಂಬ ಧ್ವನಿ ವ್ಯವಸ್ಥೆಯೊಂದಿಗೆ ತೋರಿಸಿದರು. ಆ ಕಾಲದ ಥಿಯೇಟರ್ ಆಂಪ್‌ಗಳ ಶಕ್ತಿ ಕೆಲವು ವಾಟ್, ಬಹಳವೆಂದರೆ ಹತ್ತಾರು ವಾಟ್. ಇಂದಿನ ಸಾಧಾರಣ ಹೋಮ್ ಥಿಯೇಟರ್ ಡಬ್ಬಿಯ ಮೇಲೆ ಬರೆದಿರುವ ಅಂಕಿ ನೋಡಿದರೆ ಅವರಿಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ! ಅಷ್ಟು ಕಡಿಮೆ ಶಕ್ತಿಯಲ್ಲಿ ಸಾವಿರಾರು ಆಸನಗಳನ್ನು ತುಂಬಬೇಕು. ಹಾಗಾಗಿ ಬೆಲ್ ಲ್ಯಾಬ್ಸ್‌ನ ವೆಂಟೆ ಮತ್ತು ಥುರಾಸ್ ಮಾಡಿದ 555 ಎಂಬ ಕಂಪ್ರೆಷನ್ ಡ್ರೈವರ್ ಬಂತು. ಅಲ್ಯೂಮಿನಿಯಂ ಪೊರೆ, ಬಲವಾದ ವಿದ್ಯುತ್ಕಾಂತ, ಮುಂದೆ ಹತ್ತು ಅಡಿಗೂ ಉದ್ದದ ಸುರುಳಿ ತುತ್ತೂರಿ. ಕಾಗದದ ಕೋನ್‌ಗಿಂತ ಹತ್ತಾರು ಪಟ್ಟು ಹೆಚ್ಚು ದಕ್ಷ. ಒಂದೊಂದು ವಾಟ್‌ಗೂ ಬೆಲೆಯಿದ್ದ ಕಾಲದ ಸೃಷ್ಟಿ ಅದು.

ಒಂದು ತುತ್ತೂರಿ ಸಾಲದಾಯಿತು

ಈಗ ಮುಖ್ಯ ತೊಡಕು. ಸದ್ದಿನ ಅಲೆಗೆ ಉದ್ದ ಅಂತ ಒಂದಿರುತ್ತದೆ. ಸೆಕೆಂಡಿಗೆ 50 ಕಂಪನದ ತಗ್ಗು ಸ್ವರ ಇದೆಯಲ್ಲ, ಅದರ ಅಲೆ ಸುಮಾರು 7 ಮೀಟರ್. ಅಂದರೆ ಎರಡಂತಸ್ತಿನ ಮನೆಯಷ್ಟು. ಸೆಕೆಂಡಿಗೆ 10,000 ಕಂಪನದ ಮೇಲು ಸ್ವರದ ಅಲೆ ಸುಮಾರು ಮೂರೂವರೆ ಸೆಂಟಿಮೀಟರ್, ನಮ್ಮ ಹೆಬ್ಬೆರಳಿನ ಅರ್ಧ. ತಗ್ಗು ಸ್ವರಕ್ಕೆ ಭಾರಿ ಬಾಯಿಯ, ಉದ್ದ ಕತ್ತಿನ ತುತ್ತೂರಿ ಬೇಕು. ಮೇಲು ಸ್ವರಕ್ಕೆ ಪುಟ್ಟ, ಚುರುಕಾದ ಪೊರೆ ಬೇಕು. ಎರಡನ್ನೂ ಒಬ್ಬನ ಕೈಲೇ ಮಾಡಿಸಹೋದರೆ ಎರಡೂ ಕೆಡುತ್ತದೆ. ಹಾಗಾಗಿ ಕೆಲಸ ಹಂಚಬೇಕು. ತಗ್ಗಿಗೆ ವೂಫರ್, ಮೇಲಿಗೆ ಕಂಪ್ರೆಷನ್ ಡ್ರೈವರ್. ಯಾವ ಸ್ವರ ಯಾರಿಗೆ ಅಂತ ವಿಂಗಡಿಸಿ ಕಳಿಸುವ ಕಾಯಿಲು ಕೆಪಾಸಿಟರುಗಳ ಜೋಡಣೆಗೆ ಕ್ರಾಸ್‌ಓವರ್ ಎನ್ನುತ್ತಾರೆ.

1933ರ ಏಪ್ರಿಲ್ 27ರಂದು ಬೆಲ್ ಲ್ಯಾಬ್ಸ್ ಇದರ ದೊಡ್ಡ ಪ್ರದರ್ಶನ ನಡೆಸಿತು. ವಾದ್ಯವೃಂದ ನುಡಿಸಿದ್ದು ಫಿಲಡೆಲ್ಫಿಯಾದಲ್ಲಿ, ಕೇಳುಗರು ಕೂತಿದ್ದು ವಾಷಿಂಗ್ಟನ್‌ನ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ. ನಡುವೆ ಟೆಲಿಫೋನ್ ತಂತಿ. ವೃಂದದ ಖ್ಯಾತ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್ಸ್ಕಿ ಅಂದು ವೃಂದದ ಮುಂದೆ ನಿಲ್ಲದೆ ವಾಷಿಂಗ್ಟನ್‌ನಲ್ಲಿ ಧ್ವನಿಯ ಗುಂಡಿಗಳ ಮುಂದೆ ಕೂತಿದ್ದರು. ವೇದಿಕೆಯಲ್ಲಿ ಇದ್ದದ್ದು ಸ್ಪೀಕರುಗಳು ಮಾತ್ರ, ತಗ್ಗಿಗೊಂದು ಮೇಲಿಗೊಂದು ಹಾರ್ನ್ ಇದ್ದ ಜೋಡಿಗಳು.

ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದ ಧ್ವನಿ ವಿಭಾಗಕ್ಕೂ ಇಂಥದ್ದೇ ಬೇಕಿತ್ತು. ಅದರ ಮುಖ್ಯಸ್ಥ ಡಗ್ಲಸ್ ಶಿಯರರ್, ನಟಿ ನಾರ್ಮಾ ಶಿಯರರ್ ಅವರ ಅಣ್ಣ. ಅವರ ಕೈಕೆಳಗೆ ಜಾನ್ ಹಿಲಿಯರ್ಡ್ ಎಂಬ ಎಂಜಿನಿಯರ್. ಧ್ವನಿ ಜಗತ್ತಿನಲ್ಲಿ ಇಂದಿಗೂ ಹೇಳುವ ಕಥೆ ಒಂದಿದೆ. ಎಲಿನಾರ್ ಪಾವೆಲ್ ಎಂಬ ನರ್ತಕಿಯ ಟ್ಯಾಪ್ ನೃತ್ಯದ ದೃಶ್ಯವನ್ನು ಆ ಕಾಲದ ಎರಡು ಹಾರ್ನ್ ವ್ಯವಸ್ಥೆಯಲ್ಲಿ ಕೇಳಿದಾಗ ಒಂದು ಹೆಜ್ಜೆಗೆ ಎರಡು ಟಕ್ ಕೇಳಿಸಿತಂತೆ. ಯಾಕೆ? ತಗ್ಗು ಸ್ವರ ಮಡಚಿದ ಉದ್ದ ಕೊಳವೆಯೊಳಗೆ ಸುತ್ತಿ ಬರಬೇಕು, ಮೇಲು ಸ್ವರ ನೇರವಾಗಿ ಬರುತ್ತದೆ. ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ದಾರಿ ಮೂರು ಮೀಟರ್ ಹೆಚ್ಚಾದರೆ ಒಂಬತ್ತು ಮಿಲಿಸೆಕೆಂಡ್ ತಡ. ಎಳೆದು ಹಾಡುವ ಆಲಾಪದಲ್ಲಿ ಇದು ತಿಳಿಯದು. ಆದರೆ ಟ್ಯಾಪ್ ನೃತ್ಯದ ಹೆಜ್ಜೆ, ನಮ್ಮ ಮೃದಂಗದ ಪೆಟ್ಟು, ಗೆಜ್ಜೆ, ಚಪ್ಪಾಳೆ, ಇವೆಲ್ಲ ಒಂದೇ ಕ್ಷಣದಲ್ಲಿ ತಗ್ಗು ಮೇಲು ಎರಡನ್ನೂ ಹೊತ್ತು ತರುವ ಸದ್ದುಗಳು. ಅವು ಸೀಳಿಹೋಗುತ್ತವೆ.

ಶಿಯರರ್ ತಂಡ ತಗ್ಗಿನ ಹಾರ್ನನ್ನು ಮೊಟಕು ಮಾಡಿತು, ಮೇಲಿನ ಹಾರ್ನನ್ನು ಅದಕ್ಕೆ ಸರಿಹೊಂದುವ ಜಾಗದಲ್ಲಿ ಕೂರಿಸಿತು. ಕೆಳಗೆ 15 ಇಂಚಿನ ವೂಫರುಗಳು. ಮೇಲೆ ಜೇನುಗೂಡಿನ ಹಾಗೆ ಹಲವು ಕೋಣೆಗಳಿರುವ ಹಾರ್ನ್, ಅದರ ಹಿಂದೆ 284 ಎಂಬ ಕಂಪ್ರೆಷನ್ ಡ್ರೈವರ್. ಎರಡರ ನಡುವಿನ ಗಡಿ 500 ಹರ್ಟ್ಸ್. ಇದನ್ನು ಶಿಯರರ್ ಹಾರ್ನ್ ಎಂದೇ ಕರೆದರು. 1936ನೇ ಸಾಲಿನ ಅಕಾಡೆಮಿ ಪ್ರಶಸ್ತಿಗಳಲ್ಲಿ, ಅಂದರೆ ಆಸ್ಕರ್‌ನಲ್ಲಿ, ಇದಕ್ಕೆ ತಾಂತ್ರಿಕ ಪ್ರಶಸ್ತಿಯೂ ಬಂತು. ಆ 500 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಎತ್ತು ಏರಿಗೆ, ಕೋಣ ನೀರಿಗೆ

ದಾರಿಯ ಲೆಕ್ಕ ಸರಿಹೋಯಿತು. ಬಲದ ಲೆಕ್ಕ ಬಾಕಿ ಉಳಿಯಿತು. ಸೆನ್ಸಿಟಿವಿಟಿ ಅನ್ನೋ ಮಾತು ಬರೋದು ಇಲ್ಲಿ. ಒಂದು ಡ್ರೈವರಿಗೆ ಒಂದು ವಾಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ನಿಂತು ಅಳೆದರೆ ಎಷ್ಟು ಡೆಸಿಬಲ್ ಸದ್ದು ಬರುತ್ತದೆ, ಅಷ್ಟೇ ಅದರ ಅರ್ಥ. ಹಾಲು ಕೊಡುವ ಹಸುವಿಗೆ ಎಷ್ಟು ಹಿಂಡಿ ಹಾಕಿದರೆ ಎಷ್ಟು ಲೀಟರ್ ಅಂತ ಕೇಳುತ್ತೇವಲ್ಲ, ಆ ಥರ.

ಡೆಸಿಬಲ್ ಲೆಕ್ಕದಲ್ಲಿ ಎರಡು ವಿಷಯ ಗೊತ್ತಿದ್ದರೆ ಸಾಕು. 3 ಡೆಸಿಬಲ್ ಹೆಚ್ಚಿಗೆ ಬೇಕೆಂದರೆ ವಾಟ್ ಎರಡರಷ್ಟಾಗಬೇಕು. 10 ಡೆಸಿಬಲ್ ಬೇಕೆಂದರೆ ಹತ್ತರಷ್ಟಾಗಬೇಕು.

ಈಗ ಒಂದು ಉದಾಹರಣೆ. ಒಳ್ಳೆಯ 15 ಇಂಚಿನ ವೂಫರ್ 97 ಡೆಸಿಬಲ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಅದರ ಮೇಲೆ ಕೂತ ಕಂಪ್ರೆಷನ್ ಡ್ರೈವರ್ ಮತ್ತು ಹಾರ್ನ್ 108 ಕೊಡುತ್ತದೆ. ವ್ಯತ್ಯಾಸ 11 ಡೆಸಿಬಲ್. ವಾಟ್ ಲೆಕ್ಕದಲ್ಲಿ ಹನ್ನೆರಡೂವರೆ ಪಟ್ಟು. ಎರಡನ್ನೂ ಒಂದೇ ತಂತಿಗೆ ಹಾಗೇ ಕಟ್ಟಿದರೆ ಕೊಳಲು ಕಿವಿ ಸೀಳುತ್ತದೆ, ಮೃದಂಗ ಪಕ್ಕದ ಬೀದಿಯಲ್ಲಿ ನುಡಿದ ಹಾಗಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅದೇ ಸ್ಥಿತಿ. ನೊಗ ಒಂದೇ, ಎಳೆಯುವವು ಬೇರೆ ಬೇರೆ.

ಹಳೆಯ ಪರಿಹಾರ ಏನು ಗೊತ್ತೆ? ಬಲವಾದವನ ಕಾಲಿಗೆ ಕಲ್ಲು ಕಟ್ಟುವುದು. ಹಾರ್ನ್‌ನ ದಾರಿಯಲ್ಲಿ ರೆಸಿಸ್ಟರುಗಳನ್ನು ಇಟ್ಟು ಅದರ ಸದ್ದನ್ನು 11 ಡೆಸಿಬಲ್ ಇಳಿಸುವುದು. ಹಾಗೆ ಮಾಡಿದಾಗ ಆ ಕವಲಿಗೆ ಬಂದ ಶಕ್ತಿಯಲ್ಲಿ ನೂರಕ್ಕೆ ಎಂಟು ಪಾಲು ಡ್ರೈವರಿಗೆ ಸೇರುತ್ತದೆ, ಉಳಿದ ತೊಂಬತ್ತೆರಡು ಪಾಲು ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತದೆ. ವಾಟ್ ಉಳಿಸಲೆಂದೇ ಹುಟ್ಟಿದ ತುತ್ತೂರಿಯ ಮುಂದೆ ವಾಟ್ ಸುಡುವ ಒಲೆ! ಇಡೀ ವ್ಯವಸ್ಥೆಯ ದಕ್ಷತೆ ಅದರ ಅತಿ ದುರ್ಬಲ ಡ್ರೈವರಿಗಿಂತ ಹೆಚ್ಚಾಗಲಾರದು ಅನ್ನೋ ಕಹಿ ಸತ್ಯ ಆಗಿನ ಎಂಜಿನಿಯರುಗಳಿಗೆ ಗೊತ್ತಿತ್ತು. ಹಾಗಾಗಿ ಅವರು ಇನ್ನೊಂದು ಕಡೆಯಿಂದ ದುಡಿದರು. ವೂಫರುಗಳನ್ನೇ ಬಲಪಡಿಸಿದರು, ಎರಡೋ ನಾಲ್ಕೋ ಸೇರಿಸಿದರು, ಅವಕ್ಕೂ ಹಾರ್ನ್ ಕಟ್ಟಿದರು. ಹಳೆಯ ಥಿಯೇಟರ್ ಸ್ಪೀಕರುಗಳು ಕೋಣೆಯಷ್ಟು ದೊಡ್ಡದಾಗಿ ಇದ್ದದ್ದು ಆಡಂಬರಕ್ಕಲ್ಲ. ಮೇಲಿನ ಪುಟ್ಟ ಡ್ರೈವರಿಗೆ ಸಮನಾಗಿ ನಿಲ್ಲಲು ತಗ್ಗಿಗೆ ಅಷ್ಟು ದೇಹ ಬೇಕಿತ್ತು.

ಜೇಮ್ಸ್ ಲ್ಯಾನ್ಸಿಂಗ್

ಶಿಯರರ್ ಹಾರ್ನ್‌ಗೆ ಡ್ರೈವರುಗಳನ್ನು ಮಾಡಿಕೊಟ್ಟದ್ದು ಲಾಸ್ ಏಂಜಲಿಸ್‌ನ ಒಂದು ಚಿಕ್ಕ ಕಾರ್ಖಾನೆ. ಅದರ ಒಡೆಯ ಜೇಮ್ಸ್ ಬಿ. ಲ್ಯಾನ್ಸಿಂಗ್. 1902ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದಾಗ ಅವರ ಹೆಸರು ಜೇಮ್ಸ್ ಮಾರ್ಟಿನಿ. ಪಶ್ಚಿಮಕ್ಕೆ ಬಂದ ಮೇಲೆ ಲ್ಯಾನ್ಸಿಂಗ್ ಆದರು. ಕೈಕೆಲಸದಲ್ಲಿ ಅಸಾಧ್ಯ ಪ್ರತಿಭೆ, ವ್ಯವಹಾರದಲ್ಲಿ ಅಷ್ಟಕ್ಕಷ್ಟೆ. ವ್ಯವಹಾರ ನೋಡಿಕೊಳ್ಳುತ್ತಿದ್ದ ಪಾಲುದಾರ ಕೆನ್ ಡೆಕರ್ 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಲ್ಲಿಂದ ಲೆಕ್ಕ ತಪ್ಪಿತು. 1941ರಲ್ಲಿ ಆಲ್ಟೆಕ್ ಎಂಬ ಸಂಸ್ಥೆ ಕಾರ್ಖಾನೆಯನ್ನು ಕೊಂಡಿತು. ವೆಸ್ಟರ್ನ್ ಎಲೆಕ್ಟ್ರಿಕ್ ತನ್ನ ಥಿಯೇಟರ್ ಸೇವಾ ವ್ಯವಹಾರದಿಂದ ಕೈತೊಳೆದುಕೊಂಡಾಗ ಅಲ್ಲಿನ ಹಳೆಯ ಎಂಜಿನಿಯರುಗಳು ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ಹೊಸ ಹೆಸರು ಆಲ್ಟೆಕ್ ಲ್ಯಾನ್ಸಿಂಗ್. 1945ರಲ್ಲಿ ಅಲ್ಲಿಂದ 'ವಾಯ್ಸ್ ಆಫ್ ದಿ ಥಿಯೇಟರ್' ಎಂಬ ಸ್ಪೀಕರ್ ಸರಣಿ ಬಂತು. ಮುಂದೆ ದಶಕಗಳ ಕಾಲ ಜಗತ್ತಿನ ಸಿನಿಮಾ ಪರದೆಗಳ ಹಿಂದೆ ನಿಂತದ್ದು ಅದೇ.

1946ರಲ್ಲಿ ಲ್ಯಾನ್ಸಿಂಗ್ ಹೊರಬಂದು ಮತ್ತೆ ತನ್ನದೇ ಕಂಪನಿ ಶುರು ಮಾಡಿದರು. ಇಂದಿನ ಜೆಬಿಎಲ್ ಎಂಬ ಮೂರಕ್ಷರ ಅವರ ಹೆಸರೇ. ಅಲ್ಲಿ ಮಾಡಿದ ಡಿ130 ಎಂಬ 15 ಇಂಚಿನ ವೂಫರಿಗೆ ನಾಲ್ಕು ಇಂಚಿನ ಕಾಯಿಲ್. ಹಾರ್ನ್ ಇಲ್ಲದೆಯೂ ನೂರು ಡೆಸಿಬಲ್ ದಾಟುವ ಸೆನ್ಸಿಟಿವಿಟಿ. ತಗ್ಗಿನ ಎತ್ತನ್ನು ಮೇಲಿನ ಕೋಣಕ್ಕೆ ಸಮ ಮಾಡುವ ಹಟದ ಫಲ ಅದು. ಆದರೆ ಸಾಲ ಏರುತ್ತಲೇ ಹೋಯಿತು. 1949ರ ಸೆಪ್ಟೆಂಬರಿನಲ್ಲಿ ತಮ್ಮ 47ನೇ ವಯಸ್ಸಿಗೆ ಅವರು ಜೀವ ಕಳೆದುಕೊಂಡರು, ತಾವೇ. ಅವರ ವಿಮೆಯ ಹಣ ಕಂಪನಿಯನ್ನು ಉಳಿಸಿತು, ವಿಲಿಯಂ ಥಾಮಸ್ ಎಂಬವರು ಮುಂದುವರಿಸಿದರು. ಇವತ್ತು ಹುಡುಗರು ಬೈಕಿನ ಮೇಲೆ ಕಿವಿಗೆ ಸಿಕ್ಕಿಸಿಕೊಂಡು ಹೋಗುವ ಬಡ್ಸ್ ಮೇಲೆ ಆ ಮೂರಕ್ಷರ ನೋಡಿದಾಗೆಲ್ಲ ನನಗೆ ಈ ಮನುಷ್ಯನ ನೆನಪಾಗುತ್ತದೆ. ಡ್ರೈವರುಗಳ ಲೆಕ್ಕ ಸರಿದೂಗಿಸಿದವರಿಗೆ ಅಂಗಡಿಯ ಲೆಕ್ಕ ಸರಿದೂಗಲಿಲ್ಲ.

ವಾಟ್ ಅಗ್ಗವಾದಾಗ

1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಎಆರ್-1 ಎಂಬ ಸ್ಪೀಕರ್ ತಂದರು. ಗಾಳಿಯಾಡದ ಪುಟ್ಟ ಪೆಟ್ಟಿಗೆ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸುವ ವೂಫರ್. ಪುಸ್ತಕದ ಕಪಾಟಿನಲ್ಲಿ ಇಡಬಹುದಾದಷ್ಟು ಚಿಕ್ಕದು, ಆದರೆ ಆಳವಾದ ತಗ್ಗು ಸ್ವರ. ಅದಕ್ಕೆ ತೆತ್ತ ಬೆಲೆ ಸೆನ್ಸಿಟಿವಿಟಿ. 84 ಡೆಸಿಬಲ್‌ನ ಪೆಟ್ಟಿಗೆ 104 ಡೆಸಿಬಲ್‌ನ ಹಾರ್ನ್‌ನಷ್ಟು ಸದ್ದು ಮಾಡಬೇಕೆಂದರೆ ನೂರು ಪಟ್ಟು ವಾಟ್ ಬೇಕು. ಮುಂದೆ ಟ್ರಾನ್ಸಿಸ್ಟರ್ ಬಂತು, ವಾಟ್ ಅಗ್ಗವಾಯಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಗಳಿಂದ ತುತ್ತೂರಿ ಹೊರಟುಹೋಯಿತು.

ಎಲ್ಲರೂ ಬಿಡಲಿಲ್ಲ. ಅರ್ಕನ್ಸಾ ರಾಜ್ಯದ ಹೋಪ್ ಎಂಬ ಸಣ್ಣ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಶುರು ಮಾಡಿದ ಕಂಪನಿ ಕೋಣೆಯ ಮೂಲೆಯಲ್ಲಿ ಇಡುವ ಹಾರ್ನ್ ಸ್ಪೀಕರನ್ನು ಮಾಡುತ್ತಲೇ ಇತ್ತು. ಎರಡು ಗೋಡೆಗಳೇ ತುತ್ತೂರಿಯ ಮುಂದುವರಿದ ಭಾಗ. ಸಮ ಮಾಡುವ ಸಮಸ್ಯೆಗೆ ಅವರ ಸ್ಪೀಕರುಗಳಲ್ಲಿ ಜಾಣ ಉತ್ತರವಿತ್ತು: ರೆಸಿಸ್ಟರಿನಲ್ಲಿ ಸುಡುವ ಬದಲು ಪುಟ್ಟ ಆಟೊಟ್ರಾನ್ಸ್‌ಫಾರ್ಮರ್. ನಮ್ಮ ಮನೆಯ ಹಳೆಯ ಸ್ಟೆಬಿಲೈಸರಿನೊಳಗೆ ಇರುತ್ತಿತ್ತಲ್ಲ, ಅದೇ ಜಾತಿ. ಅದು ಶಕ್ತಿಯನ್ನು ಸುಡುವುದಿಲ್ಲ, ಎಷ್ಟು ಬೇಕೋ ಅಷ್ಟೇ ಎಳೆದುಕೊಳ್ಳುತ್ತದೆ.

ಜಪಾನ್‌ನಲ್ಲೂ ತುತ್ತೂರಿ ಉಳಿಯಿತು. ಗೋಟೊ, ವೈಎಲ್, ಓಂಕೆನ್ ಮುಂತಾದ ಸಣ್ಣ ತಯಾರಕರು ಅತಿ ಸೂಕ್ಷ್ಮ ಡ್ರೈವರುಗಳನ್ನು ಮಾಡಿದರು. ಒಂದೊಂದು ಹಾರ್ನ್‌ಗೂ ಒಂದೊಂದು ಆಂಪ್ ಕಟ್ಟುವ ಹುಚ್ಚು ಅಲ್ಲಿ ಬೆಳೆಯಿತು. ಎರಡಲ್ಲ, ಮೂರು, ನಾಲ್ಕು.

ಎರಡನೇ ಆಂಪ್ ಒಳಬಂದದ್ದು

ಬೈ-ಆಂಪಿಂಗ್‌ನ ಯೋಚನೆ ಸರಳ. ಆಂಪ್ ಆದ ಮೇಲೆ ಸ್ವರ ವಿಂಗಡಿಸುವ ಬದಲು ಮೊದಲೇ ವಿಂಗಡಿಸಿಬಿಡಿ, ಸಂಕೇತ ಇನ್ನೂ ಒಂದೆರಡು ವೋಲ್ಟ್ ಇರುವಾಗಲೇ. ಆಮೇಲೆ ತಗ್ಗಿಗೆ ಒಂದು ಆಂಪ್, ಮೇಲಿಗೆ ಒಂದು ಆಂಪ್. ನೊಗವನ್ನೇ ಬಿಚ್ಚಿ ಒಂದೊಂದು ಪ್ರಾಣಿಗೆ ಒಂದೊಂದು ಗಾಡಿ ಕೊಟ್ಟ ಹಾಗೆ. 1950ರ ದಶಕದಲ್ಲೇ ಮರಾಂಟ್ಜ್ ಮುಂತಾದ ಕಂಪನಿಗಳು ಇದಕ್ಕೆ ಎಲೆಕ್ಟ್ರಾನಿಕ್ ಕ್ರಾಸ್‌ಓವರ್ ಮಾರುತ್ತಿದ್ದವು. 1970ರ ದಶಕದಲ್ಲಿ ಜೆಬಿಎಲ್ ತಂದ 4350 ಎಂಬ ಸ್ಟುಡಿಯೋ ಮಾನಿಟರಿಗೆ ಎರಡು ಆಂಪ್ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. 250 ಹರ್ಟ್ಸ್‌ನಿಂದ ಕೆಳಗೆ ಒಂದು, ಮೇಲೆ ಒಂದು.

ಇದರಿಂದ ಏನು ಸಿಗುತ್ತದೆ? ಮೊದಲನೆಯದು, ಸುಡುವ ಒಲೆ ಬೇಡ. ಮೇಲಿನ ಆಂಪ್‌ನ ಗುಂಡಿ 11 ಡೆಸಿಬಲ್ ಇಳಿಸಿದರೆ ಮುಗಿಯಿತು. ಎರಡನೆಯದು, ಡ್ರಮ್ಮಿನ ದೊಡ್ಡ ಪೆಟ್ಟಿಗೆ ತಗ್ಗಿನ ಆಂಪ್ ಸೋತು ಒಡೆದ ದನಿ ಕೊಟ್ಟರೂ, ಆ ಒಡಕು ಮೇಲಿನ ಡ್ರೈವರಿಗೆ ಹೋಗುವುದಿಲ್ಲ. ಹಾಡುವ ಗಂಟಲು ಸ್ವಚ್ಛವಾಗಿಯೇ ಉಳಿಯುತ್ತದೆ. ಮೂರನೆಯದು ಇನ್ನೂ ಸ್ವಾರಸ್ಯ. ತಗ್ಗಿಗೆ 40 ವೋಲ್ಟಿನ ಏರು ಬೇಕು, ಮೇಲಿಗೂ 40 ಬೇಕು ಅಂತಿಟ್ಟುಕೊಳ್ಳಿ. 8 ಓಮ್ ಸ್ಪೀಕರಿಗೆ ಅದು 100 ವಾಟ್ ಆಂಪ್‌ನ ಅಳತೆ. ಎರಡೂ ಒಂದೇ ಆಂಪ್‌ನಿಂದ ಬರಬೇಕಾದರೆ ಎರಡು ಏರುಗಳು ಒಂದೇ ಕ್ಷಣಕ್ಕೆ ಕೂಡಿದಾಗ 80 ವೋಲ್ಟ್. ಅದು 400 ವಾಟ್ ಆಂಪ್‌ನ ಕೆಲಸ. ಅಂದರೆ ನೂರು ವಾಟ್‌ನ ಎರಡು ಆಂಪ್ ಸೇರಿ ನಾನೂರು ವಾಟ್‌ನ ಒಂದಕ್ಕೆ ಸಮ. ಇದು ಎರಡೂ ಪಾಲು ಸಮವಾಗಿದ್ದಾಗಿನ ಲೆಕ್ಕ. ನಿಜ ಸಂಗೀತದಲ್ಲಿ ಲಾಭ ಇದಕ್ಕಿಂತ ಕಡಿಮೆ, ಆದರೆ ಲಾಭ ಖಂಡಿತ.

ಬಿಡಿಸಿದ ಮೇಲೂ ಉಳಿಯುವ ಗಂಟು

ಹಾಗಾದರೆ ಎರಡು ಆಂಪ್ ತಂದಿಟ್ಟರೆ ಸೆನ್ಸಿಟಿವಿಟಿಯ ಚಿಂತೆ ಮುಗಿಯಿತಾ? ಇಲ್ಲ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಪ್ರತಿ ಆಂಪ್‌ಗೂ ತನ್ನದೇ ಒಂದು ಸಣ್ಣ 'ಸ್ಸ್' ಸದ್ದು ಇರುತ್ತದೆ. ಅದು ಅರ್ಧ ಮಿಲಿವೋಲ್ಟ್ ಅಂತಿಟ್ಟುಕೊಳ್ಳಿ. 88 ಡೆಸಿಬಲ್‌ನ ಸಾಮಾನ್ಯ ಸ್ಪೀಕರಿನಲ್ಲಿ ಅದು 13 ಡೆಸಿಬಲ್ ಆಗುತ್ತದೆ, ಕಿವಿಗೆ ಬೀಳುವುದಿಲ್ಲ. 108 ಡೆಸಿಬಲ್‌ನ ಹಾರ್ನ್‌ನಲ್ಲಿ ಅದೇ ಅರ್ಧ ಮಿಲಿವೋಲ್ಟ್ 33 ಡೆಸಿಬಲ್. ರಾತ್ರಿ ಮನೆ ನಿಶ್ಶಬ್ದವಾಗಿದ್ದಾಗ ಕುಕ್ಕರಿನಿಂದ ಹಬೆ ಸೋರಿದ ಹಾಗೆ ಕೇಳುತ್ತಲೇ ಇರುತ್ತದೆ. ಹಿಂದೆ ಹಾರ್ನ್‌ನ ದಾರಿಯಲ್ಲಿದ್ದ ರೆಸಿಸ್ಟರ್ ವಾಟ್ ಸುಡುತ್ತಿತ್ತು ನಿಜ, ಜತೆಗೆ ಈ ಸ್ಸ್ ಸದ್ದನ್ನೂ ಸುಡುತ್ತಿತ್ತು. ಅದನ್ನು ಕಿತ್ತುಹಾಕಿದ ಮೇಲೆ ಅಡಗಿದ್ದದ್ದು ಹೊರಬಂತು. ಆಂಪ್‌ನ ಮುಂಚಿನ ಗುಂಡಿ ಇಳಿಸಿದರೆ ಸಂಗೀತ ಇಳಿಯುತ್ತದೆ, ಆಂಪ್‌ನದೇ ಗದ್ದಲ ಇಳಿಯುವುದಿಲ್ಲ. ಹಾಗಾಗಿ ಅನುಭವಸ್ಥರು ಎರಡು ಆಂಪ್ ಇಟ್ಟ ಮೇಲೂ ಮೇಲಿನ ಡ್ರೈವರಿಗೆ ಒಂದಿಷ್ಟು ರೆಸಿಸ್ಟರನ್ನೋ ಪುಟ್ಟ ಟ್ರಾನ್ಸ್‌ಫಾರ್ಮರನ್ನೋ ಉಳಿಸಿಕೊಳ್ಳುತ್ತಾರೆ. ಇಲ್ಲವೇ ಮೇಲಿಗೆ ಗದ್ದಲ ಕಡಿಮೆಯ ಸಣ್ಣ ವಾಲ್ವ್ ಆಂಪ್ ಹುಡುಕುತ್ತಾರೆ. ಅಲ್ಲಿ ಎಂಟು ವಾಟ್ ಧಾರಾಳ. 108 ಡೆಸಿಬಲ್‌ನ ಡ್ರೈವರಿಗೆ ಒಂದು ವಾಟ್‌ನ ನೂರನೇ ಒಂದು ಪಾಲು ಕೊಟ್ಟರೂ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಸದ್ದು.

ಇನ್ನೊಂದು ಅಪಾಯವಿದೆ. ಹಳೆಯ ಕ್ರಾಸ್‌ಓವರಿನಲ್ಲಿದ್ದ ಕೆಪಾಸಿಟರ್ ಮೇಲಿನ ಡ್ರೈವರಿಗೆ ಕಾವಲುಗಾರನಾಗಿತ್ತು. ಆಂಪ್ ಆನ್ ಮಾಡಿದಾಗಿನ 'ಧಡ್' ಎಂಬ ಪೆಟ್ಟನ್ನು ತಡೆಯುತ್ತಿತ್ತು. ನೇರವಾಗಿ ಆಂಪ್ ಕಟ್ಟಿದರೆ ಆ ಒಂದು ಪೆಟ್ಟಿಗೆ ತೆಳು ಪೊರೆ ಹರಿಯಬಹುದು. ಬೆಂಗಳೂರಿನಲ್ಲಿ ನನ್ನ ಪರಿಚಯದ ಒಬ್ಬರು ವಿದೇಶದಿಂದ ತರಿಸಿದ ಹಳೆಯ ಡ್ರೈವರಿಗೆ ಇದೇ ಗತಿಯಾಯಿತು. ಬದಲಿ ಪೊರೆ ಸಿಗುವವರೆಗೆ ತಿಂಗಳುಗಟ್ಟಲೆ ಒಂದೇ ಕಿವಿಯ ಸಂಗೀತ. ಈಗ ಅವರು ಮೇಲಿನ ಡ್ರೈವರಿಗೆ ಒಂದು ದೊಡ್ಡ ಕೆಪಾಸಿಟರ್ ಹಾಕಿಯೇ ಇಟ್ಟಿದ್ದಾರೆ. ಮೊದಲು ಆಂಪ್ ಆರಿಸಿ, ಆಮೇಲೆ ಉಳಿದದ್ದನ್ನು ಆರಿಸುತ್ತಾರೆ. ಅವರ ಮನೆಯಲ್ಲಿ ಕೂತು ನಾನು ಮೈಕ್ ಹಿಡಿದು ಅಳತೆ ಮಾಡಿದ್ದೇನೆ. ಕಿವಿಗೆ ಚೆನ್ನಾಗಿದೆ ಅನ್ನಿಸಿದ ಮಟ್ಟಕ್ಕೂ ಮೈಕ್ ತೋರಿಸಿದ ಮಟ್ಟಕ್ಕೂ ಮೂರು ಡೆಸಿಬಲ್ ವ್ಯತ್ಯಾಸವಿತ್ತು. ಹೊಸ ಹಾರ್ನ್‌ನ ಖುಷಿಯಲ್ಲಿ ನಾವು ಮೇಲನ್ನು ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳುತ್ತೇವೆ. ಮೂರು ಡೆಸಿಬಲ್ ಇಳಿಸಿ ಮತ್ತೆ ಅದೇ ಹಾಡು ಕೇಳಿದಾಗ ಪಿಟೀಲು ಹಿಂದೆ ಸರಿದು ಮೃದಂಗದ ಪಕ್ಕ ಕೂತಿತು. ಅಲ್ಲಿಯವರೆಗೆ ಅದು ನಮ್ಮ ಮಡಿಲಲ್ಲಿ ಕೂತಿತ್ತು.

ಮತ್ತೆ 500

1983ರಲ್ಲಿ ಜಾರ್ಜ್ ಲೂಕಾಸ್‌ರ ಕಂಪನಿ ತನ್ನ ಹೊಸ ಚಿತ್ರ 'ರಿಟರ್ನ್ ಆಫ್ ದಿ ಜೆಡೈ' ಬಿಡುಗಡೆಗೆ ಬಂದಾಗ ಥಿಯೇಟರುಗಳ ಧ್ವನಿಗೆ ಟಿಎಚ್‌ಎಕ್ಸ್ ಎಂಬ ಮಾನದಂಡ ತಂದಿತು. ಅದನ್ನು ರೂಪಿಸಿದವರು ಟಾಮ್ಲಿನ್ಸನ್ ಹೋಲ್ಮನ್. ಅದರಲ್ಲಿ ಎರಡು ಆಂಪ್ ಕಡ್ಡಾಯ, ಎಲೆಕ್ಟ್ರಾನಿಕ್ ಕ್ರಾಸ್‌ಓವರ್ ಕಡ್ಡಾಯ. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್ವಿಟ್ಸ್ ಪ್ರಕಟಿಸಿದ ಹೊಸ ಬಗೆಯ ಕ್ರಾಸ್‌ಓವರ್ ಗಣಿತವನ್ನು ಅದು ಬಳಸಿತು. ಎರಡು ಡ್ರೈವರುಗಳ ದೂರದ ವ್ಯತ್ಯಾಸವನ್ನು ಎಲೆಕ್ಟ್ರಾನಿಕ್ ಆಗಿಯೇ ಸರಿಪಡಿಸಿತು. ತಗ್ಗು ಮೇಲಿನ ನಡುವಿನ ಗಡಿ ಎಷ್ಟು ಗೊತ್ತೆ? 500 ಹರ್ಟ್ಸ್. ನಡುವೆ ಸುಮಾರು ಐವತ್ತು ವರ್ಷ. ನರ್ತಕಿಯ ಒಂದು ಹೆಜ್ಜೆಗೆ ಎರಡು ಟಕ್ ಕೇಳಿಸಿದ ಸಮಸ್ಯೆಗೂ, ಎತ್ತು ಕೋಣದ ಸಮಸ್ಯೆಗೂ ಒಂದೇ ಪೆಟ್ಟಿಗೆಯಲ್ಲಿ ಉತ್ತರ ಸಿಕ್ಕಿತ್ತು.

ನಮ್ಮ ಕಡೆಗೂ ಈ ಕಥೆಯ ಒಂದು ಎಳೆ ಇದೆ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಹಾಲಿವುಡ್‌ನಲ್ಲಿ ಶಿಯರರ್ ತಂಡ ತಲೆ ಕೆಡಿಸಿಕೊಂಡಿದ್ದ ಅದೇ ವರ್ಷಗಳು. ಆಮೇಲೆ ಟೂರಿಂಗ್ ಟಾಕೀಸಿನ ಡೇರೆ ಊರೂರಿಗೆ ಹೋಯಿತು. ನೆಲದ ಮೇಲೆ ಕೂತವರಿಗೂ ಮಾತು ಮುಟ್ಟಿತು. ಇವತ್ತು ಗಣೇಶನ ಮೆರವಣಿಗೆಯ ಡಿಜೆ ಗಾಡಿಯ ಹಿಂಭಾಗ ನೋಡಿ. ಬೇಸ್ ಪೆಟ್ಟಿಗೆಗಳಿಗೆ ಬೇರೆ ಆಂಪ್, ಹಾರ್ನ್‌ಗಳಿಗೆ ಬೇರೆ ಆಂಪ್. ಆ ಹುಡುಗರು ಬೈ-ಆಂಪಿಂಗ್ ಎಂಬ ಪದ ಬಳಸದೆ ಇರಬಹುದು, ಕೆಲಸ ಅದೇ. ಅವರು ಮೇಲಿನ ಗುಂಡಿಯನ್ನು ಒಂದಿಷ್ಟು ಇಳಿಸಿದರೆ ಬೀದಿಯ ಅಜ್ಜ ಅಜ್ಜಿಯರ ಆಶೀರ್ವಾದವೂ ಸಿಗುತ್ತದೆ.

ಈ ಇತಿಹಾಸ ಓದುತ್ತಾ ನನಗೆ ಮನವರಿಕೆಯಾದದ್ದು ಇಷ್ಟು. ಎರಡು ಆಂಪ್ ಅನ್ನೋದು ಜೋರು ಮಾಡುವ ಉಪಾಯ ಅಲ್ಲ, ಸಮ ಮಾಡುವ ಉಪಾಯ. ಲಕ್ಷಗಟ್ಟಲೆ ಸುರಿದು ಎರಡನೇ ಆಂಪ್ ತಂದು, ಡ್ರೈವರುಗಳ ಬಲವನ್ನು ಅಳೆಯದೆ ಬಿಟ್ಟರೆ, ಚೆನ್ನಾಗಿ ಲೆಕ್ಕ ಹಾಕಿದ ಒಂದೇ ಆಂಪ್‌ನ ಹಳೆಯ ಸ್ಪೀಕರ್ ಅದಕ್ಕಿಂತ ಮೇಲು. ನಿಮ್ಮಲ್ಲಿ ಯಾರಾದರೂ ಈ ದಾರಿಗೆ ಇಳಿಯುವುದಿದ್ದರೆ ಮೊದಲು ಒಂದು ಅಳತೆಯ ಮೈಕ್ ಕೊಳ್ಳಿ, ಅದಕ್ಕೆ ಆಂಪ್‌ನಷ್ಟು ದುಡ್ಡು ಬೇಕಾಗಿಲ್ಲ. ಆಮೇಲೆ ಮೇಲಿನ ಡ್ರೈವರಿಗೆ ಕಾವಲು ಕೆಪಾಸಿಟರ್. ಎರಡನೇ ಆಂಪ್ ಅದಾದ ಮೇಲೆ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಹಳೆಯ ಚಿತ್ರಮಂದಿರದ ಪರದೆಯ ಹಿಂದೆ ಇಂಥ ದೊಡ್ಡ ತುತ್ತೂರಿ ಇನ್ನೂ ನಿಂತಿದ್ದರೆ ನಮಗೆ ಬರೆದು ತಿಳಿಸಿ. ಗುಜರಿಗೆ ಹೋಗುವ ಮುಂಚೆ ಒಂದು ಫೋಟೋ ಆದರೂ ತೆಗೆದಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.